ಚಾಕುವಿನ ಮೊದಲ ತುತ್ತು

ಬಸವನ ಬಾಗೇವಾಡಿಯ ಎಲುಬಿನ ಡಾಕ್ಟರು ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಬಲಗೈ ಹೆಬ್ಬೆರಳನ್ನು ಅವರದೇ ಮುಷ್ಟಿಯೊಳಗೆ ಮಡಚಿಸಿ, ಮುಷ್ಟಿಯನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಾಗಿಸಿದರು. ವೈನಿ ಕೂಗಲಿಲ್ಲ. ಕೂಗುವ ಪದ್ಧತಿ ಅವರಿಗಿಲ್ಲ. ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರವನ್ನು, ಅದು ಪಲ್ಯಕ್ಕೆ ಉಪ್ಪು ಕಡಿಮೆ ಎಂದ ಗಿರಾಕಿಯೋ ಎಂಬಂತೆ ದಿಟ್ಟಿಸಿದರು. ಕಣ್ಣಲ್ಲಿ ಮಾತ್ರ ನೀರು ಬಂತು.

"ಹೆಬ್ಬೆರಳಿನ ಬುಡದಾಗ ನರ ಬಾತೈತಿ," ಎಂದರು ಡಾಕ್ಟರು. "ಏನ್ ಕೆಲಸ ಮಾಡ್ತೀರಿ ಅವ್ವಾರ?"

"ಹೆಚ್ಚತೇನ್ರಿ."

"ಹೆಚ್ಚತೀರಿ ಅಂದ್ರ, ಎಷ್ಟು?"

"ಸಿಂದಗಿ ಊರಿಗೆ ಸಾಲುವಷ್ಟು."

ಇದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ ಇತ್ತು. ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮದೊಂದು ಖಾನಾವಳಿ. ಅಣ್ಣ ಇದ್ದಾಗ ಅಣ್ಣ ನಡೆಸುತ್ತಿದ್ದ. ಈಗ ಗಲ್ಲಾದ ಮೇಲೆ ನಾನು, ಒಲೆಯ ಮುಂದೆ ವೈನಿಯ ಸೊಸೆ, ಮತ್ತು ಹಿತ್ತಲ ಬಾಗಿಲ ಪಕ್ಕ ಕಡಿಮೆ ಎತ್ತರದ ಕಟ್ಟೆಯ ಮೇಲೆ ಮಣೆ ಹಾಕಿಕೊಂಡು ವೈನಿ. ಉಳ್ಳಾಗಡ್ಡಿ, ಬದನೆಕಾಯಿ, ಮೆಂತ್ಯ, ಹಸಿಯಾಗಿಯೇ ತಿನ್ನುವ ಪಚಡಿಗೆ ಬೇಕಾದ ಸೌತೆಕಾಯಿ, ಗಜ್ಜರಿ, ಹಕ್ಕರಕಿ ಸೊಪ್ಪು, ಎಲ್ಲವೂ ಆ ಮಣೆಯನ್ನು ದಾಟಿಯೇ ಒಳಗೆ ಬರಬೇಕು. ನಮ್ಮಲ್ಲಿ ಊಟಕ್ಕೆ ಬರುವವರು ರೊಟ್ಟಿಗಾಗಿ ಬರುತ್ತಾರೆ ಎಂದು ಸೊಸೆ ತಿಳಿದಿದ್ದಾಳೆ; ನನಗೆ ಗೊತ್ತು, ಅವರು ಬರುವುದು ಪಚಡಿಗೆ.

"ಚಾಕೂ ಹರಿತ ಐತೇನು?" ಎಂದು ಡಾಕ್ಟರು ಕೇಳಿದರು.

"ಐತ್ರಿ," ಎಂದೆ ನಾನು, ಖಾನಾವಳಿಯ ಘನತೆಯನ್ನು ಕಾಪಾಡುವ ಜವಾಬ್ದಾರಿ ನನ್ನ ಮೇಲಿದ್ದುದರಿಂದ. ವೈನಿ ನನ್ನ ಕಡೆ ತಿರುಗಿ ನೋಡಿದರು.

ಡಾಕ್ಟರು ಹೆಬ್ಬೆರಳಿಗೆ ಒಂದು ಪಟ್ಟಿ ಕೊಟ್ಟು, ಬರುವ ತಿಂಗಳು ಮತ್ತೆ ಬರಲು ಹೇಳಿದರು. ಅಷ್ಟರೊಳಗೆ ಬಾವು ಇಳಿದಿದ್ದರೆ ಸರಿ. ಇಳಿಯದಿದ್ದರೆ ಹೆಚ್ಚುವ ಕೆಲಸ ಕಾಯಂ ಆಗಿ ಬಂದ್. ಅವರು ಇದನ್ನು ಮೆತ್ತಗೆ, ಮಗ ತಾಯಿಗೆ ಹೇಳುವಂತೆ ಹೇಳಿದರು. ವಾಪಸು ಬರುವಾಗ ಬಸ್ಸು ದೇವರ ಹಿಪ್ಪರಗಿ ದಾಟಿತು. ಆಮೇಲೆ ವೈನಿ ಕಿಟಕಿಯ ಹೊರಗೆ ನೋಡುತ್ತ ಅಂದರು: "ಗಲ್ಲಾದಾಗ ನೀ ಕೂಡತಿ. ಒಲಿ ಮುಂದ ಆಕಿ ಕೂಡತಾಳ. ನಾ ಎಲ್ಲಿ ಕೂಡ್ಲಿ ತಮ್ಮಾ?"

ಅಣ್ಣ ಹೋದಾಗ, ಕಾರ್ಯ ಮುಗಿದ ಮರುದಿನ, ಯಾರೂ ಕರೆಯದೆ ಅವರು ಮತ್ತೆ ಬಂದು ಕೂತದ್ದು ಆ ಮಣೆಯ ಮುಂದೆಯೇ.

ಸಂಜೆ ಅಡುಗೆಮನೆಯಲ್ಲಿ ಸಭೆ ಸೇರಿತು. ಅಧ್ಯಕ್ಷತೆಯನ್ನು ಸೊಸೆ ವಹಿಸಿಕೊಂಡಳು. ಆಕೆಯ ಠರಾವು ಸರಳವಾಗಿತ್ತು: ಸೋಲಾಪುರದಿಂದ ಹೆಚ್ಚುವ ಮಷೀನು ತರಿಸುವುದು, ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸುವುದು. ನಾನು ತಿದ್ದುಪಡಿ ಮಂಡಿಸಿದೆ. ಬಸ್ಸಿಳಿದು ಬಂದವನೇ ನಾನು ಚಾಕುಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದ್ದೆ. ಹರಿತವಾದ ಅಂಚು ಬೆಳಕಿಗೆ ಕಾಣುವುದಿಲ್ಲ. ಮೊಂಡಾದದ್ದು ಬಿಳಿ ಗೆರೆಯಾಗಿ ಮಿಂಚುತ್ತದೆ. ನಮ್ಮವು ದೀಪಾವಳಿಯ ಸಾಲಿನಂತೆ ಮಿಂಚುತ್ತಿದ್ದವು. ಮೊದಲೆಲ್ಲ ಇಂಡಿ ಕಡೆಯಿಂದ ಒಬ್ಬ ಸೈಕಲ್ಲಿನ ಮೇಲೆ ಸಾಣೆ ಚಕ್ರ ಕಟ್ಟಿಕೊಂಡು ಬರುತ್ತಿದ್ದ. ಕಿಡಿ ಹಾರಿಸಿ, ತುಕ್ಕಿನ ಜೊತೆಗೆ ಅಷ್ಟೇ ಉಕ್ಕನ್ನೂ ತಿಂದು, ಚಾಕು ಕೈಗೆ ಕೊಟ್ಟು ಹೋಗುತ್ತಿದ್ದ. ಅವನು ಬರುವುದು ನಿಂತು ವರ್ಷಗಳಾದವು. ಅಂದಿನಿಂದ ವೈನಿ ಚಾಕುವಿನ ಬೆನ್ನಿನ ಮೇಲೆ ಹೆಬ್ಬೆರಳು ಊರಿ, ಒತ್ತಿ ಒತ್ತಿ ಹೆಚ್ಚುತ್ತಿದ್ದರು. ಒತ್ತುವುದು ತಪ್ಪಿದರೆ ಬಾವು ಇಳಿದೀತು ಎಂಬುದು ನನ್ನ ವಾದ.

"ಯಾರು ಹಿಡೀತಾರ ಕಾಕಾ ಸಾಣಿ?" ಎಂದಳು ಸೊಸೆ.

"ನಾ ಹಿಡೀತೇನಿ."

ಆಕೆ ನಕ್ಕಳು ಎಂದು ಹೇಳಲಾರೆ. ತವೆಯ ಮೇಲಿನ ರೊಟ್ಟಿಯನ್ನು ಬಹಳ ಹೊತ್ತು ನೋಡಿದಳು. ಆದರೆ ಅದೇ ರಾತ್ರಿ ಫೋನಿನಲ್ಲಿ ಹುಡುಕಿ ಕಲ್ಲುಗಳನ್ನು ತರಿಸುವ ವ್ಯವಸ್ಥೆ ಮಾಡಿದವಳೂ ಆಕೆಯೇ.

ಪೊಟ್ಟಣದಲ್ಲಿ ಎರಡು ವಸ್ತುಗಳಿದ್ದವು. ಒಂದು ಅಂಗೈ ಉದ್ದದ ಉಕ್ಕಿನ ಪಟ್ಟಿ. ಅದರ ಎರಡೂ ಮುಖಕ್ಕೆ ವಜ್ರದ ಪುಡಿ ಅಂಟಿಸಿದ್ದರು, ಒಂದು ಕಡೆ ಒರಟು, ಇನ್ನೊಂದು ಕಡೆ ನಯ. ಇನ್ನೊಂದು ಸಿರಾಮಿಕ್ ಕಲ್ಲು, ಅಂದರೆ ಪಿಂಗಾಣಿಯಂತೆ ಸುಟ್ಟು ಗಟ್ಟಿ ಮಾಡಿದ್ದು, ಬೆಳ್ಳಗೆ, ಮುಟ್ಟಿದರೆ ತಣ್ಣಗೆ. ವಜ್ರ ಎಂಬ ಮಾತು ಅಡುಗೆಮನೆಗೆ ತಲುಪಿದ್ದೇ ವೈನಿ ಎದ್ದು ಬಂದರು.

"ಇದು ವಜ್ರ?"

"ಹೌದ್ರಿ ವೈನಿ."

"ನನ್ನ ಮದುವ್ಯಾಗ ನಿಮ್ಮ ಅಪ್ಪ ಮೂಗಿಗೊಂದು ಹರಳು ಹಾಕಸಲಿಲ್ಲ. ಈಗ ಚಾಕೂಗೆ ವಜ್ರ ಬಂತು. ಮಾಡ್ರಪಾ, ನಡೀಲಿ ನಿಮ್ಮ ದರ್ಬಾರ."

ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ, ಒದ್ದೆ ಬಟ್ಟೆಯ ಮೇಲೆ ಪಟ್ಟಿಯನ್ನು ಇಟ್ಟು, ನಾಲ್ಕು ಹನಿ ನೀರು ಹಾಕಿ, ವಿದ್ಯಾಭ್ಯಾಸ ಆರಂಭಿಸಿದೆ. ಪೊಟ್ಟಣದ ಚಿತ್ರದಲ್ಲಿ ಒಬ್ಬ ಮನುಷ್ಯ ಚಾಕುವನ್ನು ಕಲ್ಲಿನ ಮೇಲೆ ಮಲಗಿಸಿ ನಗುತ್ತಿದ್ದ. ಎಷ್ಟು ಮಲಗಿಸಬೇಕು ಎಂಬುದೇ ಈ ವಿದ್ಯೆಯ ಬುಡ. ಪೂರಾ ಮಲಗಿಸಿದರೆ ಅಂಚು ಕಲ್ಲಿಗೆ ತಾಗದೆ ಚಾಕುವಿನ ಹೊಟ್ಟೆ ಮಾತ್ರ ಸವೆಯುತ್ತದೆ. ಬಹಳ ಎತ್ತಿದರೆ ಅಂಚು ಮುರುಟುತ್ತದೆ. ಬೆಂಕಿಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಅದರ ಮೇಲೆ ಚಾಕುವಿನ ಬೆನ್ನು ಇಟ್ಟರೆ ನಮ್ಮ ಅಗಲದ ಚಾಕುವಿಗೆ ಓರೆ ಸರಿಯಾಗುತ್ತದೆ ಎಂದು ಕೊನೆಗೆ ಗೊತ್ತಾಯಿತು. ಆ ಓರೆಯನ್ನು ಕೈ ನೆನಪಿಟ್ಟುಕೊಳ್ಳಬೇಕು, ಬೆಂಕಿಪೆಟ್ಟಿಗೆ ತೆಗೆದ ಮೇಲೂ.

ಮೊದಲ ದಿನ ನಾನು ಭಕ್ತಿಯಿಂದ ಒತ್ತಿದೆ. ನಮ್ಮಲ್ಲಿ ಭಕ್ತಿ ಎಂದರೆ ಒತ್ತುವುದು. ಪಟ್ಟಿ ಕಿರುಗುಟ್ಟಿತು, ನೀರು ಕಪ್ಪಗಾಯಿತು, ಪಟ್ಟಿಯ ಒಂದು ಮೂಲೆಯಲ್ಲಿ ಪುಡಿ ಕಿತ್ತು ಬರೀ ತಗಡು ಕಾಣಿಸಿತು. ವಜ್ರಕ್ಕೆ ಒತ್ತುವವರು ಬೇಕಿಲ್ಲ ಎಂಬುದು ಆಗ ತಿಳಿಯಿತು. ಚಾಕುವಿನ ಭಾರವಷ್ಟೇ ಸಾಕು. ಕೈ ದಾರಿ ತೋರಿಸಬೇಕು, ದಬ್ಬಬಾರದು. ಈ ಪಾಠ ನನ್ನ ಎಡಗೈ ತೋರುಬೆರಳಿನ ಮೇಲೂ ಒಂದು ಗುರುತು ಬಿಟ್ಟು ಹೋಯಿತು.

"ವಜ್ರ ಕಚ್ಚಿತೇನ ತಮ್ಮಾ?" ಎಂದು ವೈನಿ ಮಣೆಯ ಹತ್ತಿರದಿಂದಲೇ ಕೇಳಿದರು. ಪಟ್ಟಿ ಕಟ್ಟಿದ ಕೈಯಿಂದಲೇ ಅವರು ಬದನೆಕಾಯಿ ಸೀಳುತ್ತಿದ್ದರು. ಬಿಡಿ ಎಂದರೆ ಆ ಹೊತ್ತಿಗೆ ಅವರ ಕಿವಿ ಕೇಳುತ್ತಿರಲಿಲ್ಲ.

ಎರಡನೆಯ ತೊಡಕು, ನನ್ನ ಕೈ ಓರೆ ಮರೆಯುತ್ತಿತ್ತು. ಸೊಸೆ ಡಬ್ಬಿಗಳ ಮೇಲೆ ಹೆಸರು ಬರೆಯುವ ಕಪ್ಪು ಸ್ಕೆಚ್ ಪೆನ್ ಕೊಟ್ಟಳು. ಅಂಚಿನುದ್ದಕ್ಕೂ ಅದರಿಂದ ಕಾಡಿಗೆ ಹಚ್ಚಿದಂತೆ ಬಳಿದು, ಕಲ್ಲಿನ ಮೇಲೆ ಎರಡು ಸಲ ಎಳೆದು ನೋಡಿದರೆ, ಕಪ್ಪು ಎಲ್ಲಿ ಹೋಗಿದೆಯೋ ಅಲ್ಲಿ ಕಲ್ಲು ತಾಗಿದೆ. ನನ್ನ ಚಾಕು ನಡುವೆ ಬೆಳ್ಳಗೆ, ತುದಿ ಬುಡ ಕಪ್ಪಗೆ ಉಳಿದಿತ್ತು. ತುದಿಗೆ ಹೋಗುವಾಗ ಹಿಡಿಯನ್ನು ಕೂದಲೆಳೆಯಷ್ಟು ಎತ್ತಬೇಕು ಎಂಬುದು ಹೀಗೆ ತಿಳಿಯಿತು.

ಒಂದು ಬದಿಯನ್ನು ಸಾಕಷ್ಟು ಉಜ್ಜಿದ ಮೇಲೆ ಅಂಚಿನ ಆಚೆ ಬದಿಗೆ ಉಕ್ಕು ಮಡಚಿಕೊಂಡು ಕಣ್ಣಿಗೆ ಕಾಣದ ಒಂದು ಮುಳ್ಳು ಏಳುತ್ತದೆ. ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಜಾರಿಸಿದರೆ ಹತ್ತುತ್ತದೆ. ಅದಕ್ಕೆ ನಾನು ಚಿಗುರು ಎಂದು ಹೆಸರಿಟ್ಟೆ. ಚಿಗುರು ಉದ್ದಕ್ಕೂ ಬಂದ ಮೇಲೆ ಮಗ್ಗಲು ಬದಲಿಸಬೇಕು. ಎರಡೂ ಬದಿ ಆದ ಮೇಲೆ ನಯವಾದ ಮುಖ. ಆಮೇಲೆ ಸಿರಾಮಿಕ್. ಅದರ ಕೆಲಸ ಆ ಚಿಗುರನ್ನು ತೆಗೆಯುವುದು, ಅಂಚನ್ನು ಹೊಳಪಿಗೆ ತರುವುದು. ಮಗುವಿನ ಕೆನ್ನೆ ಸವರಿದಷ್ಟೇ ಭಾರ, ಅದಕ್ಕಿಂತ ಹೆಚ್ಚಿಲ್ಲ. ಉಜ್ಜುತ್ತ ಹೋದಂತೆ ಬಿಳಿ ಕಲ್ಲಿನ ಮೇಲೆ ಉಕ್ಕಿನ ಬೂದು ಗೆರೆಗಳು ಕೂಡುತ್ತವೆ. ಪಾತ್ರೆ ತಿಕ್ಕುವ ಪುಡಿ ಹಾಕಿ ತೊಳೆದರೆ ಹೋಗುತ್ತವೆ.

ಒಂದು ಸಂಜೆ ಹಳೆಯ ಪೇಪರಿನ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಚಾಕು ಇಳಿಸಿದೆ. ಹಾಳೆ ಸದ್ದಿಲ್ಲದೆ ಎರಡಾಯಿತು. ನಾನು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಇನ್ನೊಂದು ಹಾಳೆ ತೆಗೆದುಕೊಂಡು ಸೊಸೆಯನ್ನು ಕರೆದೆ.

"ಚಲೋ ಆಗೈತಿ ಬಿಡ್ರಿ ಕಾಕಾ," ಎಂದಳು ಆಕೆ. ಅದು ದೊಡ್ಡ ಮಾತು.

ಮರುದಿನ ಮಧ್ಯಾಹ್ನ ಊಟದ ಗದ್ದಲದ ನಡುವೆ ಅಡುಗೆಮನೆಗೆ ಹೋದರೆ ವೈನಿ ಟೊಮ್ಯಾಟೊ ಹೆಚ್ಚುತ್ತಿದ್ದರು. ಹೆಚ್ಚುತ್ತಿರಲಿಲ್ಲ, ಹಿಸುಕುತ್ತಿದ್ದರು. ಹೆಬ್ಬೆರಳು ಮತ್ತೆ ಚಾಕುವಿನ ಬೆನ್ನ ಮೇಲೆ. ಚಾಕು ತೆಗೆದುಕೊಂಡು ಬೆಳಕಿಗೆ ಹಿಡಿದೆ. ಬಿಳಿ ಗೆರೆ ಉದ್ದಕ್ಕೂ ಮಿಂಚುತ್ತಿತ್ತು.

ಸಾಯಂಕಾಲ ಮತ್ತೆ ಸಾಣೆ ಹಿಡಿದೆ. ಮರುದಿನ ಮಧ್ಯಾಹ್ನ ಮತ್ತೆ ಮೊಂಡು. ಓರೆ ತೆಳುವಾಯಿತೇನೋ ಎಂದು ಬೆಂಕಿಪೆಟ್ಟಿಗೆಯ ಕೆಳಗೆ ರಟ್ಟು ಸೇರಿಸಿದೆ. ಮೊಂಡು. ಉಕ್ಕೇ ಕಚ್ಚಾ ಇರಬೇಕೆಂದು ವಿಜಯಪುರದಿಂದ ಹೊಸ ಚಾಕು ತಂದೆ. ಅದೂ ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆತನಕ್ಕೆ ಹೊಂದಿಕೊಂಡಿತು. ನಂತರ ನಾನು ವಿಚಾರಣೆ ಆರಂಭಿಸಿದೆ. ಪಾತ್ರೆ ತಿಕ್ಕುವವಳನ್ನು, ತವೆಯ ಕರಕು ಕೆರೆಯಲು ಚಾಕು ತೆಗೆದುಕೊಂಡಿದ್ದೆಯೇನು ಎಂದು ಕೇಳಿದೆ. ಆಕೆ ಒಂದು ದಿನ ನನ್ನ ಹತ್ತಿರ ಮಾತು ಬಿಟ್ಟಳು. ಸೊಸೆಯನ್ನು, ಸ್ಟೀಲ್ ತಾಟಿನ ಮೇಲೆ ಕೊಬ್ಬರಿ ಹೆಚ್ಚಿದೆಯೇನು ಎಂದು ಕೇಳಿದೆ.

"ಕಾಕಾ, ಮಷೀನ್ ತರಸೂನು ನಡೀರಿ," ಎಂದಳು ಆಕೆ. ಸಿಟ್ಟಿನಿಂದಲ್ಲ. "ದಿನಾ ಅತ್ತಿ ಕೈ ನೋಡಾಕ ಆಗವಲ್ದು ನನಗ. ರಾತ್ರಿ ಮಲಗುವಾಗ ಕೈ ಎದಿ ಮ್ಯಾಲ ಇಟ್ಕೊಂಡು ಒತ್ಕೋತ ಇರ್ತಾರ. ನಿಮಗ ಕಾಣೂದಿಲ್ಲ ಅದು."

ಬಾಗೇವಾಡಿಗೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಬಾವು ಇದ್ದಷ್ಟೇ ಇತ್ತು. ಇನ್ನೊಂದು ದಿನ ನೋಡೋಣ ಎಂದೆ. ಸಂಜೆ ಹರಿತವಾಗಿದ್ದದ್ದು ಮಧ್ಯಾಹ್ನಕ್ಕೆ ಮೊಂಡಾಗುತ್ತದೆ ಎಂದರೆ ನಡುವೆ ಉಳಿದದ್ದು ಬೆಳಗ್ಗೆ. ಬೆಳಗಿನ ಅಡುಗೆಮನೆಯನ್ನು ನಾನು ಎಂದೂ ನೋಡಿರಲಿಲ್ಲ. ಎದ್ದು ಮುಖ ತೊಳೆದು ನೇರ ಕಾಯಿಪಲ್ಯೆಯ ಸಂತೆಗೆ ಹೋಗುವವನು. ಆ ದಿನ ಬೇಗ ಎದ್ದು, ಚಹಾದ ನೆಪ ಮಾಡಿ ಒಲೆಯ ಪಕ್ಕ ಕೂತೆ.

ವೈನಿ ಬಂದರು. ಹಣೆಗೆ ವಿಭೂತಿ, ಕೈಯಲ್ಲಿ ಚಾಕು. ಚಾಕುವನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಬಗ್ಗಿ, ಹಿತ್ತಲ ಬಾಗಿಲ ಶಹಾಬಾದಿ ಫರಸಿಕಲ್ಲಿನ ಹೊಸ್ತಿಲ ಮೇಲೆ ಅದನ್ನು ಇಟ್ಟು ತಿಕ್ಕಿದರು. ಚರ್, ಚರ್. ಮಗ್ಗಲು ಬದಲಿಸಿ ಮತ್ತೆ. ಫರಸಿಯ ಆ ಜಾಗದಲ್ಲಿ, ಬೆಕ್ಕು ಮಲಗಿ ಎದ್ದು ಹೋದಂತೆ ಒಂದು ತಗ್ಗು.

ಆ ಸದ್ದನ್ನು ನಾನು ಬುದ್ಧಿ ಬಂದಾಗಿನಿಂದ ಕೇಳಿದ್ದೇನೆ. ಆ ಸದ್ದಿಗೇ ನನಗೆ ಎಚ್ಚರವಾಗುವುದು. ದಿನವೂ ಕೇಳುತ್ತಿದ್ದುದರಿಂದ ಅದು ಏನಿರಬಹುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ವೈನಿ, ಏನ್ ಮಾಡಾಕತ್ತೀರಿ?"

"ಕಾಣೂದಿಲ್ಲೇನ? ತುತ್ತು ಕೊಡಾಕತ್ತೇನಿ."

"ಯಾರಿಗೆ?"

"ಚಾಕೂಗೆ. ಮೊದಲನೇ ತುತ್ತು ಕಲ್ಲಿಂದು ಕೊಡಬೇಕು, ಇಲ್ಲಾಂದ್ರ ಬೆರಳಿಗೆ ಬರತೈತಿ ಅದು. ನಿಮ್ಮ ಅವ್ವ ನನ್ನ ಈ ಮಣಿ ಮುಂದ ಕೂಡಸಿದ ದಿನ ಹೇಳಿದ್ದು. ಅಂದಿನಿಂದ ಒಂದ್ ದಿನ ತಪ್ಪಿಸಿಲ್ಲ, ಒಂದ್ ದಿನ ಬೆರಳು ಕೊಯ್ಕೊಂಡಿಲ್ಲ." ಅಪರಾಧ ನನ್ನದೇ ಎಂಬಂತೆ ಸೇರಿಸಿದರು: "ನಿನ್ನ ವಜ್ರ ಹಚ್ಚಿದಾಗಿಂದ ಅದಕ್ಕ ಹಸಿವಿ ಹೆಚ್ಚಾಗೈತಿ. ಮುಟ್ಟಿದ್ರ ಬರತೈತಿ. ಅದಕ್ಕ ಈಗ ಮೊದಲಿಗಿಂತ ಜಾಸ್ತಿ ತಿಕ್ಕತೇನಿ."

ಅಂದರೆ ನಾನು ಸಂಜೆ ಎಷ್ಟು ಚೆನ್ನಾಗಿ ಸಾಣೆ ಹಿಡಿದೆನೋ ಬೆಳಗ್ಗೆ ಅವರು ಅಷ್ಟೇ ಚೆನ್ನಾಗಿ ತಿಕ್ಕಿ ಮೊಂಡು ಮಾಡಿದ್ದರು, ಅದೂ ಆ ಬಾತ ಕೈ ಊರಿ. ನಾವಿಬ್ಬರೂ ಒಂದು ಚಾಕುವಿನ ಮೇಲೆ ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದೆವು, ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ.

ಸೊಸೆಗೆ ಹೇಳಿದೆ. ಆಕೆ ಹಣೆ ಹಣೆ ಬಡಿದುಕೊಂಡಳು. "ಬ್ಯಾಡ ಅಂತ ಹೇಳ್ರಿ ಮತ್ತ. ನೀವು ಹೇಳಿದ್ರ ಕೇಳತಾರ."

ಕೇಳುತ್ತಿದ್ದರು. ಅದೇ ನನಗೆ ಸಂಕಟ. ನಾನು ಹೇಳಿದರೆ ವೈನಿ ಬಿಟ್ಟುಬಿಡುತ್ತಿದ್ದರು, ಆಮೇಲೆ ದಿನವೂ ಬೆಳಗ್ಗೆ ಹೆದರಿಕೊಂಡು ಚಾಕು ಹಿಡಿಯುತ್ತಿದ್ದರು. ಹೆದರಿದ ಕೈ ಬಿಗಿಯುತ್ತದೆ. ಬಿಗಿದ ಕೈ ಒತ್ತುತ್ತದೆ. ಬಾವು ಇಳಿಯುವುದು ಹಾಗಲ್ಲ. ಗಲ್ಲಾದ ಮೇಲೆ ಕೂತು ಇಡೀ ದಿನ ಇದನ್ನೇ ಯೋಚಿಸಿ, ಇಬ್ಬರು ಗಿರಾಕಿಗಳಿಗೆ ತಪ್ಪು ಚಿಲ್ಲರೆ ಕೊಟ್ಟು, ಸಂಜೆಗೆ ಒಂದು ತೀರ್ಮಾನಕ್ಕೆ ಬಂದೆ. ಪದ್ಧತಿ ಇರಲಿ. ಕಲ್ಲು ಬದಲಾಗಲಿ.

ಮರುದಿನ ಬೆಳಗ್ಗೆ ವೈನಿ ಬರುವ ಮೊದಲೇ ಹೊಸ್ತಿಲ ಮೇಲೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಸಿರಾಮಿಕ್ ಕಲ್ಲನ್ನು ಇಟ್ಟೆ. ಅವರು ನಿಂತು ನೋಡಿದರು.

"ಇದೇನ, ಸಾಬೂನ ಇಟ್ಟೀದಿ?"

"ಕಲ್ಲರಿ ವೈನಿ. ತುತ್ತು ಇದಕ್ಕ ಮುಟ್ಟಿಸಿ ಕೊಡ್ರಿ."

"ಇದು ಕಲ್ಲಲ್ಲ. ಗುಡ್ಡದಾಗ ಹುಟ್ಟಿಲ್ಲ ಇದು."

"ಆವಿಗಿ ಒಳಗ ಬೆಂದೈತಿ. ಕುಂಬಾರನ ಗಡಿಗಿ ಬೆಂದಂಗ."

ಅವರಿಗೆ ಒಪ್ಪಿಗೆಯಾಗಲಿಲ್ಲ. ಆ ನುಣುಪಾದ ಬಿಳಿ ವಸ್ತು ಚಾಕುವಿಗೆ ಏನು ಉಣಿಸೀತು ಎಂಬ ಅನುಮಾನ ಮುಖದ ಮೇಲೆ ಬರೆದಿತ್ತು. ನಾನು ಅವರ ಕೈಯಿಂದ ಚಾಕು ತೆಗೆದುಕೊಂಡು ಒಂದು ಸಲ ಹಗುರಕ್ಕೆ ಎಳೆದೆ. ಬಿಳಿಯ ಮೇಲೆ ಬೂದು ಗೆರೆ ಮೂಡಿತು, ವಿಭೂತಿಯ ಗೆರೆಯಷ್ಟು ಸ್ಪಷ್ಟವಾಗಿ.

"ನೋಡ್ರಿ. ಉಂಡೈತಿ."

ಅವರು ಬಗ್ಗಿ ಬೆರಳಿನಿಂದ ಆ ಗೆರೆಯನ್ನು ಒರೆಸಿ, ಬೆರಳ ತುದಿಯನ್ನು ಬೆಳಕಿಗೆ ಹಿಡಿದರು. ಕಪ್ಪು ಫರಸಿಯ ಮೇಲೆ ಇಷ್ಟು ವರ್ಷ ಅವರಿಗೆ ಹೀಗೆ ಏನೂ ಕಂಡಿರಲಿಲ್ಲ. "ಹೌದಲ," ಎಂದರು, ಬಹಳ ಮೆತ್ತಗೆ. ಆಮೇಲೆ ಕೈ ಚಾಚಿದರು. "ಕೊಡು ಇಲ್ಲೆ."

ಕಲಿಸುವುದು ಉಳಿದಿತ್ತು. ಫರಸಿಯ ಮೇಲೆ ತಿಕ್ಕಿ ರೂಢಿಯಾದ ಕೈ, ಓರೆ ನಿಲ್ಲಿಸುವ ಮೊದಲೇ ಒತ್ತಿಬಿಡುತ್ತಿತ್ತು. ಮಾತಿನಲ್ಲಿ ಹೇಳಿದೆ, ತೋರಿಸಿದೆ, ಆಗಲಿಲ್ಲ. ಕೊನೆಗೆ ಅವರ ಹಿಂದೆ ಮಂಡಿಯೂರಿ, ಅವರ ಕೈಯ ಮೇಲೆ ನನ್ನ ಕೈ ಇಟ್ಟೆ. ಹೆಬ್ಬೆರಳಿನ ಬುಡ ಇನ್ನೂ ಬಿಸಿಯಾಗಿತ್ತು. ಆ ಬೆರಳನ್ನು ಬೆನ್ನಿನಿಂದ ಇಳಿಸಿ, ಹಿಡಿಯ ಮಗ್ಗಲಿಗೆ ಸುಮ್ಮನೆ ಒರಗಿಸಿದೆ. ಚಾಕು ತನ್ನ ಭಾರದಲ್ಲೇ ಬುಡದಿಂದ ತುದಿಯವರೆಗೆ ಜಾರಿತು. ಹೆಚ್ಚು ಸದ್ದೇ ಆಗಲಿಲ್ಲ.

"ಅ ಆ ಇ ಈ ತಿದ್ದಸಾಕತ್ತೀಯೇನ ಈ ವಯಸ್ಸಿನಾಗ?" ಎಂದರು ವೈನಿ.

"ಮಾತಾಡಬ್ಯಾಡ್ರಿ, ಓರಿ ತಪ್ಪತೈತಿ."

"ಮಾಸ್ತರ ಭಾಳ ಕಡಕ್ ಅದಾರ," ಎಂದರು ಒಲೆಯ ಕಡೆ ತಿರುಗಿ. ಒಲೆಯ ಮುಂದೆ ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಗೆ ಇರಲಿಲ್ಲ, ನಮ್ಮದು ಗ್ಯಾಸಿನ ಒಲೆ.

ಆಮೇಲೆ ಕೆಲಸ ಹಂಚಿಕೆಯಾಯಿತು. ಬೆಳಗಿನ ತುತ್ತು ವೈನಿಯದು, ಸಿರಾಮಿಕ್ ಮೇಲೆ. ಖಾನಾವಳಿಗೆ ರಜೆ ಇರುವ ದಿನ ವಜ್ರದ ಪಟ್ಟಿ ನನ್ನದು, ಅದೂ ನಯವಾದ ಮುಖ ಮಾತ್ರ. ಪ್ರತಿದಿನ ವಜ್ರ ಹಚ್ಚುವ ಅಗತ್ಯವೇ ಇರಲಿಲ್ಲ. ಚಾಕು ಮಧ್ಯಾಹ್ನ ದಾಟಿ ಸಂಜೆಗೂ ಹರಿತ ಉಳಿಯತೊಡಗಿತು. ಮೆಂತ್ಯ ಹೆಚ್ಚುವಾಗ ಮೊದಲು ಎಲೆ ಜಜ್ಜಿ ಮಣೆ ಹಸಿರಾಗುತ್ತಿತ್ತು. ಈಗ ಎಲೆ ಒಣಗಿದಂತೆ ಬಿಡಿಬಿಡಿಯಾಗಿ ಬೀಳುತ್ತಿತ್ತು. ವೈನಿ ಒಂದು ದಿನ ಮಣೆಯನ್ನು ಎತ್ತಿ ನೋಡಿ, ಮೇಲೆ ಒದ್ದೆಯಿಲ್ಲವೆಂದು ಅನುಮಾನಪಟ್ಟು, ತಪ್ಪಲೇ, ಅಂದರೆ ಸೊಪ್ಪೇ, ಬಾಡಿರಬೇಕು ಎಂದು ನನ್ನ ಸಂತೆಯನ್ನು ಬೈದರು. ಅವರು ಬೆರಳು ಕೊಯ್ದುಕೊಳ್ಳಲಿಲ್ಲ. ಆ ಗೌರವ ಇಡೀ ಅವಧಿಯಲ್ಲಿ ನನಗೊಬ್ಬನಿಗೇ ಸಂದಿತು.

ಬಾಗೇವಾಡಿಗೆ ಹೋಗುವ ದಿನ ವೈನಿ ಒಂದು ಕೈಚೀಲ ಹಿಡಿದುಕೊಂಡಿದ್ದರು. ಬುತ್ತಿ ಎಂದುಕೊಂಡೆ. ಡಾಕ್ಟರ ಮುಂದೆ ಕೂತಾಗ ಅದರೊಳಗಿಂದ ಒಂದು ಮಣೆ, ಒಂದು ಸೌತೆಕಾಯಿ, ಮತ್ತು ಬಟ್ಟೆಯಲ್ಲಿ ಸುತ್ತಿದ ಚಾಕು ಹೊರಬಂದವು. ಬಾಗಿಲಲ್ಲಿದ್ದ ಕಂಪೌಂಡರ್ ಒಂದು ಹೆಜ್ಜೆ ಹಿಂದೆ ಸರಿದ.

"ಅವ್ವಾರ, ಇದೇನ್ರಿ?" ಎಂದರು ಡಾಕ್ಟರು.

"ನೀವು ಸುಮ್ನ ಬೆರಳು ಮಡಚಿ ನೋಡತೀರಿ. ನಾ ಬೆರಳು ಮಡಚೂ ಕೆಲಸ ಮಾಡೂದಿಲ್ಲರಿ ಸಾಹೇಬ್ರ, ಹೆಚ್ಚೂ ಕೆಲಸ ಮಾಡತೇನಿ. ಅದನ್ನ ನೋಡ್ರಿ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಅಸ್ಥಿಪಂಜರದ ಕಡೆ ನೋಡಿದೆ. ಆಮೇಲೆ ಅವರು ಕುರ್ಚಿ ಮುಂದಕ್ಕೆಳೆದು, ವೈನಿಯ ಹೆಬ್ಬೆರಳ ಬುಡದ ಮೇಲೆ ನಾಡಿ ಹಿಡಿಯುವಂತೆ ಎರಡು ಬೆರಳಿಟ್ಟರು. "ಹೂಂ, ಹೆಚ್ಚರಿ."

ವೈನಿ ಹೆಚ್ಚಿದರು. ಹೆಬ್ಬೆರಳು ಹಿಡಿಗೆ ಒರಗಿತ್ತು. ಸೌತೆಕಾಯಿ ಬಿಲ್ಲೆಗಳಾಗಿ, ಆಚೆಯದು ಕಾಣುವಷ್ಟು ತೆಳ್ಳಗೆ, ಒಂದರ ಮೇಲೊಂದು ಒರಗುತ್ತ ಹೋದವು. ಡಾಕ್ಟರ ಬೆರಳು ಅಲ್ಲಾಡಲಿಲ್ಲ. ಹೊರಗೆ ಕಾದವರು ಕೆಮ್ಮುತ್ತಿದ್ದರು.

"ನರ ಮೊದಲಿನಂಗ ಬಿಗಿಯವಲ್ದು," ಎಂದರು ಡಾಕ್ಟರು. ಹೆಬ್ಬೆರಳನ್ನೂ ಮಡಚಿಸಿ ನೋಡಿದರು. ವೈನಿ ಈ ಸಲ ಗೋಡೆ ನೋಡಲಿಲ್ಲ. "ಬಾವು ಪೂರಾ ಹೋಗಿಲ್ಲ, ಆದ್ರ ಇಳದೈತಿ. ಹೆಚ್ಚರಿ ಅವ್ವಾರ. ಆದ್ರ ಉಳ್ಳಾಗಡ್ಡಿ ಚೀಲಗಟ್ಲೆ ಹೆಚ್ಚೂದು ಬ್ಯಾಡ. ಅದಕ್ಕ ಮಷೀನ್ ಹಾಕ್ಕೋರಿ."

"ಉಳ್ಳಾಗಡ್ಡಿ ತಗೋರಿ," ಎಂದರು ವೈನಿ, ಸಂತೆಯಲ್ಲಿ ಚೌಕಾಸಿ ಮಾಡುವ ದನಿಯಲ್ಲಿ. "ತಪ್ಪಲಾ, ಪಚಡಿ ನನ್ನವು."

"ನಿಮ್ಮವ," ಎಂದರು ಡಾಕ್ಟರು, ಒಂದು ಬಿಲ್ಲೆ ಬಾಯಿಗೆ ಹಾಕಿಕೊಳ್ಳುತ್ತ.

ವೈನಿ ಚಾಕುವನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿದರು. ಏಳುವಾಗ ಪಕ್ಕದ ಮೇಜಿನ ಹತ್ತಿರ ಕಂಪೌಂಡರ್ ಪಟ್ಟಿಯ ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಲು ಹೆಣಗುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಕತ್ತರಿ ಬಟ್ಟೆಯನ್ನು ಕಚ್ಚಿ ಮಡಚುತ್ತಿತ್ತು, ಕತ್ತರಿಸುತ್ತಿರಲಿಲ್ಲ. ಅವರು ಡಾಕ್ಟರ ಕಡೆ ತಿರುಗಿದರು.

"ಸಾಹೇಬ್ರ, ನಿಮ್ಮ ಕತ್ರಿ ಮೊಂಡ ಆಗೈತಿ. ಇವನ ಕೈಯಾಗ ಕೊಡ್ರಿ. ನಮ್ಮ ತಮ್ಮ ಭಾಳ ಚಲೋ ಸಾಣಿ ಹಿಡೀತಾನ."

ಕತ್ತರಿಗೆ ಸಾಣೆ ಹಿಡಿಯುವುದು ಬೇರೆಯೇ ವಿದ್ಯೆ. ಅದರ ಓರೆ ಬೇರೆ, ಎರಡು ಅಲಗು ಒಂದಕ್ಕೊಂದು ಕೂಡುವ ರೀತಿ ಬೇರೆ. ಅದರ ಒಂದಕ್ಷರವೂ ನನಗೆ ಬರುವುದಿಲ್ಲ. ಇದನ್ನು ಹೇಳಲು ನಾನು ಬಾಯಿ ತೆರೆದೆ. ಆದರೆ ವೈನಿ ಆಗಲೇ ಕಂಪೌಂಡರನ ಕೈಯಿಂದ ಕತ್ತರಿ ಇಸಿದುಕೊಂಡು, ತಮ್ಮ ಕೈಚೀಲದಲ್ಲಿ ಚಾಕುವಿನ ಪಕ್ಕಕ್ಕೆ ಇಟ್ಟು, ಬಾಗಿಲ ಕಡೆ ನಡೆದಿದ್ದರು.